ಓದಿದ್ದೆಷ್ಟು, ಬಾಕಿ ಎಷ್ಟು?

2025ರ ಮೇ ತಿಂಗಳು. ಬೆಳಿಗ್ಗೆ ಬ್ರಾಂಚಿಗೆ ಹೋಗಿ ಇನ್ನೂ ಊಟದ ಡಬ್ಬಿ ಕೆಳಗಿಟ್ಟಿರಲಿಲ್ಲ, ಲೋನ್ ಸೆಕ್ಷನ್ನಿನ ಹುಡುಗ ಓಡಿ ಬಂದು ಕೈ ಕುಲುಕಿದ. “ಸಾರ್, ಉಂಗ ಕನ್ನಡತ್ತುಕ್ಕು ಬುಕರ್ ಕೆಡಚ್ಚಿರುಚ್ಚು!” ಅಂದ. ಬಾನು ಮುಷ್ತಾಕ್ ಅವರ ಕಥೆಗಳು, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ, ‘ಹಾರ್ಟ್ ಲ್ಯಾಂಪ್’. ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಕಟವಾಗಿತ್ತು. ನಾನೇ ಬರೆದೆನೇನೋ ಅನ್ನುವ ಹಾಗೆ ಕೌಂಟರಿನ ಈ ತುದಿಯಿಂದ ಆ ತುದಿಯವರೆಗೂ ಎಲ್ಲರ ಅಭಿನಂದನೆ ಸ್ವೀಕರಿಸಿದೆ. ಯಾಕೆ ಸುಳ್ಳು ಹೇಳಲಿ, ಖುಷಿಯಾಯಿತು. ಇಷ್ಟು ವರ್ಷಗಳಲ್ಲಿ ಈ ಊರಿನಲ್ಲಿ ‘ನೀವು ಕನ್ನಡದವರಲ್ಲವಾ’ ಅಂತ ಯಾರಾದರೂ ಬಂದು ಮಾತಾಡಿಸಿದ್ದರೆ ಅದು ಹೆಚ್ಚಾಗಿ ಕಾವೇರಿ ನೀರಿನ ವಿಷಯಕ್ಕೆ!

ಆ ಹುಡುಗ ಅಲ್ಲಿಗೇ ಬಿಡಲಿಲ್ಲ. “ಸಾರ್, ಕನ್ನಡದಲ್ಲಿ ಓದಲೇಬೇಕಾದ ಹತ್ತು ಪುಸ್ತಕದ ಹೆಸರು ಬರೆದುಕೊಡಿ. ನೀವು ಓದಿ ಇಷ್ಟಪಟ್ಟಿದ್ದು. ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಸಿಕ್ಕಿದರೆ ಓದ್ತೀನಿ” ಅಂದ. ನಾನು ಒಂದು ಪೇ-ಇನ್ ಸ್ಲಿಪ್ಪಿನ ಹಿಂಬದಿಯಲ್ಲಿ ಐದೇ ನಿಮಿಷದಲ್ಲಿ ಹತ್ತು ಹೆಸರು ಗೀಚಿ ಕೊಟ್ಟುಬಿಟ್ಟೆ. ಶ್ರೀರಾಮಾಯಣ ದರ್ಶನಂ, ಮಲೆಗಳಲ್ಲಿ ಮದುಮಗಳು, ನಾಕುತಂತಿ, ಮೂಕಜ್ಜಿಯ ಕನಸುಗಳು, ಚಿಕವೀರ ರಾಜೇಂದ್ರ, ಭಾರತ ಸಿಂಧು ರಶ್ಮಿ, ಸಂಸ್ಕಾರ, ತುಘಲಕ್, ಪರ್ವ, ಕುಮಾರವ್ಯಾಸನ ಗದುಗಿನ ಭಾರತ.

ಸಂಜೆ ಬೀಚ್ ಸ್ಟೇಷನ್ನಿನಲ್ಲಿ ತಾಂಬರಂ ಲೋಕಲ್ ಹತ್ತಿ ಕೂತ ಮೇಲೆ ಯೋಚನೆ ಶುರುವಾಯಿತು. ಅವನು ಕೇಳಿದ್ದು ‘ನೀವು ಓದಿದ್ದು’. ನಾನು ಬರೆದುಕೊಟ್ಟ ಹತ್ತರಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದ್ದು ಎಷ್ಟು? ಮೂಕಜ್ಜಿ ಓದಿದ್ದೆ. ಚಿಕವೀರ ರಾಜೇಂದ್ರ ಓದಿದ್ದೆ. ಸಂಸ್ಕಾರ ಕಾಲೇಜಿನಲ್ಲಿ ಓದಿದ್ದೆ. ತುಘಲಕ್ ನಾಟಕ ನೋಡಿದ್ದೆ, ಅದನ್ನೂ ಸೇರಿಸಿಕೊಂಡರೆ ನಾಲ್ಕು. ಉಳಿದ ಆರರ ಮುಖಪುಟ ಗೊತ್ತು, ಬರೆದವರ ಫೋಟೋ ಗೊತ್ತು, ಯಾವುದಕ್ಕೆ ಯಾವ ಪ್ರಶಸ್ತಿ ಬಂತು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಓದಿಲ್ಲ. ಹೊರನಾಡಿನ ಪ್ರತಿ ಕನ್ನಡ ಸಂಘದ ಗೋಡೆಯ ಮೇಲೂ ಎಂಟು ಜ್ಞಾನಪೀಠದವರ ಫೋಟೋ ಸಾಲಾಗಿ ಇರುತ್ತದಲ್ಲ, ನಾನು ಬರೆದುಕೊಟ್ಟಿದ್ದು ಹೆಚ್ಚುಕಡಿಮೆ ಆ ಗೋಡೆಯನ್ನೇ. ಬ್ಯಾಂಕಿನಲ್ಲಿ ಹೀಗೆ ಮಾಡಿದ್ದರೆ ಅದಕ್ಕೆ ಬೇರೆ ಹೆಸರಿದೆ. ಇಲ್ಲದ ಆಸ್ತಿಯನ್ನು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸುವುದು.

ತಮಾಷೆಯೆಂದರೆ ಇದೇ ಪಾಠ ನನಗೆ ಹತ್ತು ವರ್ಷ ಹಿಂದೆ ಒಮ್ಮೆ ಆಗಿತ್ತು. ಅಡ್ಯಾರ್ ನದಿಯೇ ಮನೆಗೆ ಬಂದು ಹೇಳಿಕೊಟ್ಟಿತ್ತು.

2015ರ ಡಿಸೆಂಬರಿನಲ್ಲಿ ನಾವು ಜಾಫರ್‌ಖಾನ್‌ಪೇಟೆಯಲ್ಲಿ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. 1ನೇ ತಾರೀಖು ರಾತ್ರಿ ನೀರು ಬಂದಿದ್ದು ಹೇಗೆ ಅಂತ ಆಗ ಚೆನ್ನೈನಲ್ಲಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ಏನು ಎತ್ತಿಕೊಂಡು ಮೇಲಿನ ಮನೆಗೆ ಹೋಗಬಹುದೋ ಅಷ್ಟೇ. ಸರ್ಟಿಫಿಕೇಟು, ಎಲ್‌ಐಸಿ ಪಾಲಿಸಿ, ಗ್ಯಾಸ್ ಸಿಲಿಂಡರು, ಮಗಳ ಪುಸ್ತಕದ ಚೀಲ. ಕೊನೆಯ ಸಲ ಇಳಿದಾಗ ಮೊಣಕಾಲವರೆಗೆ ನೀರು. ಆಗ ನಾನು ಬೀರುವಿನ ಮೇಲಿಂದ ಎತ್ತಿಕೊಂಡಿದ್ದು ಅಮ್ಮನ ಒಂದು ಹಳೇ ಕಟ್ಟು. ಮಂಚದ ಕೆಳಗೆ ಮೂರು ರಟ್ಟಿನ ಪೆಟ್ಟಿಗೆಗಳಲ್ಲಿದ್ದ ಕನ್ನಡ ಪುಸ್ತಕಗಳು ಅಲ್ಲೇ ಉಳಿದವು.

ನೀರು ಇಳಿದ ಮೇಲೆ ತೆಗೆದು ನೋಡಿದರೆ ಎಲ್ಲವೂ ನೆನೆದ ಅವಲಕ್ಕಿಯ ಹಾಗೆ ಊದಿದ್ದವು. ತಾರಸಿಯಲ್ಲಿ ಹರವಿದೆವು. ಆಗ ಒಂದು ವಿಚಿತ್ರ ಗಮನಿಸಿದೆ. ನಾಲ್ಕಾರು ಸಲ ಓದಿ ಬೆನ್ನು ಮುರಿದಿದ್ದ ಪುಸ್ತಕಗಳು ಹಾಳೆ ಹಾಳೆಯಾಗಿ ಬಿಚ್ಚಿಕೊಂಡು ಬಿದ್ದವು. ಓದದೆ ಇಟ್ಟಿದ್ದವು ಮಾತ್ರ ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಾಗಿದ್ದವು! ಇಟ್ಟಿಗೆಗಳೇ ಜಾಸ್ತಿ ಇದ್ದವು ಅನ್ನುವುದನ್ನು ಹೆಂಡತಿ ಗಮನಿಸಿದಳೋ ಇಲ್ಲವೋ, ಏನೂ ಅನ್ನಲಿಲ್ಲ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಗಾಂಧಿಬಜಾರಿನಲ್ಲಿ ಪುಸ್ತಕದಂಗಡಿಗೆ ನುಗ್ಗಿದೆ. ಹೋದದ್ದನ್ನೆಲ್ಲ ಕೊಳ್ಳುವಷ್ಟು ದುಡ್ಡಿರಲಿಲ್ಲ, ಮನೆಯ ಸಾಮಾನೇ ಎಲ್ಲ ಹೊಸದು ಮಾಡಬೇಕಿತ್ತು. ಕೈ ತಾನಾಗಿ ಯಾವ ಪುಸ್ತಕಕ್ಕೆ ಹೋಯಿತು ಗೊತ್ತೇ? ತೇಜಸ್ವಿಯವರ ಕರ್ವಾಲೊ ಮತ್ತು ಜುಗಾರಿ ಕ್ರಾಸ್. ತರಾಸು ಅವರ ದುರ್ಗಾಸ್ತಮಾನ. ಎಂ.ಕೆ. ಇಂದಿರಾ ಅವರ ಫಣಿಯಮ್ಮ. ಎ.ಆರ್. ಕೃಷ್ಣಶಾಸ್ತ್ರಿಗಳ ವಚನ ಭಾರತ. ತ್ರಿವೇಣಿಯವರ ಶರಪಂಜರ. ಭಾರತ ಸಿಂಧು ರಶ್ಮಿ ಕಣ್ಣೆದುರಿಗೇ ಇತ್ತು, ನಮಸ್ಕಾರ ಹಾಕಿ ಮುಂದೆ ಹೋದೆ. ಯಾರೂ ನೋಡದೇ ಇದ್ದಾಗ, ಸ್ವಂತ ದುಡ್ಡು ಕೊಟ್ಟು, ಎರಡನೇ ಸಲ ಕೊಂಡ ಪುಸ್ತಕಗಳ ಪಟ್ಟಿ ಇದೆಯಲ್ಲ, ಅದೇ ನನ್ನ ನಿಜವಾದ ಪಟ್ಟಿ. ಆದರೆ ಹತ್ತು ವರ್ಷದ ಮೇಲೆ ಒಬ್ಬ ಹುಡುಗ ಕೇಳಿದಾಗ ನಾನು ಮತ್ತೆ ಗೋಡೆಯ ಫೋಟೋಗಳನ್ನೇ ಬರೆದುಕೊಟ್ಟೆ. ಎಂಥಾ ಬುದ್ಧಿ ನೋಡಿ.

ಓದುವ ಪಟ್ಟಿ ಮಾಡಿಕೊಳ್ಳುವ ಹುಚ್ಚು ನಮಗೊಬ್ಬರಿಗೇ ಇರುವುದಲ್ಲ. 1909ರಲ್ಲಿ ಹಾರ್ವರ್ಡಿನ ಚಾರ್ಲ್ಸ್ ಎಲಿಯಟ್ ಐದಡಿ ಉದ್ದದ ಕಪಾಟಿನಲ್ಲಿ ಹಿಡಿಸುವಷ್ಟು ಪುಸ್ತಕ ಆರಿಸಿ, ದಿನಕ್ಕೆ ಹದಿನೈದು ನಿಮಿಷ ಓದಿದರೆ ಸಾಕು ವಿದ್ಯಾವಂತರಾಗುತ್ತೀರಿ ಅಂದಿದ್ದರು. ಅವನ್ನು ಕೊಂಡ ಮನೆಗಳಲ್ಲಿ ಎಷ್ಟು ಇಟ್ಟಿಗೆಯಾಗಿದ್ದವೋ! ನಮ್ಮಲ್ಲೂ ಒಳ್ಳೆಯ ಪ್ರಯತ್ನಗಳಿವೆ. ಧಾರವಾಡದಲ್ಲಿ 1933ರಲ್ಲಿ ಶುರುವಾದ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಚಂದಾ ಕಟ್ಟಿದವರಿಗೆ ಪುಸ್ತಕ ಕಳಿಸುತ್ತಿತ್ತು. ನಮ್ಮ ರಿಕರಿಂಗ್ ಡೆಪಾಸಿಟ್ ಇದ್ದ ಹಾಗೆ. ಆಮೇಲೆ 1980ರ ದಶಕದ ಹೊಸ್ತಿಲಲ್ಲಿ ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕದವರು 25 ಸಂಪುಟಗಳ ವಿಶ್ವಕಥಾಕೋಶ ತಂದರು. ಅದರಲ್ಲಿ ಕೆಲವು ನಮ್ಮೂರಿನ ಲೈಬ್ರರಿಯಲ್ಲಿದ್ದವು. ನನಗೆ ಚೀನಾ, ಆಫ್ರಿಕಾದ ಕಥೆ ಅಂತ ಏನಾದರೂ ಗೊತ್ತಿದ್ದರೆ ಆ ಪುಣ್ಯದಿಂದ. ಬೇರೆಯವರು ಮಾಡಿಕೊಟ್ಟ ಪಟ್ಟಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ನನ್ನದಾಗುವುದು ಓದಿದ ಮೇಲೆ ಮಾತ್ರ, ಅಷ್ಟೇ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ.

ನನ್ನ ಹೊಸ ಪಟ್ಟಿಯನ್ನು, ಅಂದರೆ ಪ್ರಾಮಾಣಿಕ ಪಟ್ಟಿಯನ್ನು, ಇಲ್ಲೇ ಇರುವ ಕನ್ನಡದ ಹಿರಿಯರೊಬ್ಬರಿಗೆ ತೋರಿಸಿದೆ. ರಿಟೈರ್ಡ್ ಮೇಷ್ಟ್ರು, ತುಂಬಾ ಓದಿಕೊಂಡವರು. ಕನ್ನಡಕ ಸರಿಮಾಡಿಕೊಂಡು ನೋಡಿದರು. “ಏನ್ರೀ ಇದು, ಕುಮಾರವ್ಯಾಸ ಬರಬೇಕಾದ ಕಡೆ ಯಂಡಮೂರಿ! ಸಾಯಿಸುತೆನೂ ಹಾಕಿದ್ದೀರಿ. ಇದನ್ನ ಲಿಸ್ಟು ಅಂತೀರಾ?” ಅಂದರು. “ಓದಿದ್ದು ಅದೇ ಸಾರ್” ಅಂದೆ. “ಓದಿದ್ದನ್ನೆಲ್ಲ ಹೇಳ್ಕೋಬಾರದು” ಅಂತ ನಕ್ಕರು. ನಾನೂ ನಕ್ಕೆ, ಆದರೆ ಮನಸ್ಸು ಒಪ್ಪಲಿಲ್ಲ.

ಯಾಕೆ ಹೇಳಿಕೊಳ್ಳಬಾರದು? ನನಗೆ ಓದುವ ಚಟ ಹತ್ತಿಸಿದವರು ಪಂಪ ರನ್ನರಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ನಮ್ಮೂರ ಬಸ್‌ಸ್ಟ್ಯಾಂಡಿನ ಪಕ್ಕದ ಬಾಡಿಗೆ ಲೈಬ್ರರಿಯಲ್ಲಿ ದಿನಕ್ಕೆ ಇಪ್ಪತ್ತೈದು ಪೈಸೆ. ಒಂದೇ ದಿನದಲ್ಲಿ ಎರಡು ಮುಗಿಸಿದರೆ ಲಾಭ ಅಂತ ನಾನೂ ನನ್ನ ಗೆಳೆಯನೂ ಅದಲುಬದಲು ಮಾಡಿಕೊಂಡು ಓದುತ್ತಿದ್ದೆವು. ಬಿಕಾಂ ಓದುವ ಮೊದಲೇ ಲೆಕ್ಕಾಚಾರ ಕಲಿಸಿದ್ದು ಪುರುಷೋತ್ತಮನೇ. ಆಮೇಲೆ ಯಂಡಮೂರಿಯ ತುಳಸಿದಳ, ವಂಶಿಯವರ ಕನ್ನಡದಲ್ಲಿ. ಅದನ್ನು ಓದಿದ ವಾರವೆಲ್ಲ ರಾತ್ರಿ ಹಿತ್ತಿಲಿಗೆ ಒಬ್ಬನೇ ಹೋಗಲು ಹೆದರಿಕೆ. (ಆ ಯಂಡಮೂರಿ ಚಾರ್ಟರ್ಡ್ ಅಕೌಂಟೆಂಟ್ ಅಂತ ಆಮೇಲೆ ಗೊತ್ತಾದಾಗ ನಮ್ಮ ಕಾಮರ್ಸ್ ಜಾತಿಯ ಬಗ್ಗೆ ಸ್ವಲ್ಪ ಹೆಮ್ಮೆಯಾಯಿತು.) ಕಣ್ಣು ಸಾಲಿನ ಮೇಲೆ ಓಡಬೇಕು, ಕೈ ಪುಟ ತಿರುಗಿಸಬೇಕು, ಇನ್ನೂರು ಪುಟ ಕೂತು ಮುಗಿಸುವ ದಮ್ಮು ಬರಬೇಕು. ಇದೆಲ್ಲ ಬಂದಿದ್ದು ಆ ಪುಸ್ತಕಗಳಿಂದ. ಆ ದಮ್ಮಿಲ್ಲದೆ ನೇರ ಕಾನೂರು ಹೆಗ್ಗಡಿತಿಗೆ ಹೋದವರು ಎಷ್ಟು ಜನ ಅರ್ಧಕ್ಕೆ ವಾಪಸ್ ಬಂದಿಲ್ಲ?

ಅಮ್ಮನ ಕಟ್ಟಿನ ವಿಷಯ ಹೇಳಿದೆನಲ್ಲ. ಅಮ್ಮ ಓದಿದ್ದು ಏಳನೇ ಕ್ಲಾಸು. ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಯ ಪುಟಗಳನ್ನು ವಾರವಾರವೂ ಕತ್ತರಿಸಿ ಇಟ್ಟುಕೊಂಡು, ಮುಗಿದ ಮೇಲೆ ದಬ್ಬಣದಲ್ಲಿ ತೂತು ಮಾಡಿ ದಾರ ಹಾಕಿ ಹೊಲಿಯುತ್ತಿದ್ದಳು. ಮೇಲೆ ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯ ರಟ್ಟು. ನಡುವೆ ಒಂದು ವಾರದ ಸಂಚಿಕೆ ತಪ್ಪಿದ್ದರೆ ಅಲ್ಲಿ ಒಂದು ಬಿಳಿ ಹಾಳೆ ಇಟ್ಟು, ಪಕ್ಕದ ಮನೆಯವರಿಂದ ಕೇಳಿ ತಿಳಿದ ಕಥೆಯನ್ನು ತನ್ನ ಗುಂಡು ಅಕ್ಷರದಲ್ಲಿ ನಾಲ್ಕು ಸಾಲು ಬರೆದಿಡುತ್ತಿದ್ದಳು. ಇಂಥ ಎರಡು ಧಾರಾವಾಹಿ, ಜೊತೆಗೆ ಮುಖಪುಟ ಹೋದ ಒಂದು ‘ಬೆಕ್ಕಿನ ಕಣ್ಣು’. ಪ್ರವಾಹದಲ್ಲಿ ಉಳಿದದ್ದು ಇವು. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಆ ಎರಡು ಧಾರಾವಾಹಿಗಳಿಗೆ ಅರ್ಧ ಸಾಲಿನ ಜಾಗವೂ ಇಲ್ಲ. ನನ್ನ ಪಟ್ಟಿಯಲ್ಲಿ ಇದೆ.

ಹಾಗಂತ ಜನಪ್ರಿಯವಾದದ್ದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಪುರುಷೋತ್ತಮನನ್ನು ಐವತ್ತು ದಾಟಿದ ಮೇಲೆ ಮತ್ತೆ ಓದಲು ಹೋದೆ, ಹತ್ತು ಪುಟಕ್ಕೇ ಸಾಕಾಯಿತು. ಅದು ಅಸಲು ಬಡ್ಡಿ ಸಮೇತ ತೀರಿಹೋದ ಖಾತೆ, ಮತ್ತೆ ತೆರೆಯಬಾರದು. ಹೆಣ್ಣು ಅಳುತ್ತಾ ಇದ್ದರೆ ಮಾತ್ರ ಒಳ್ಳೆಯವಳು ಅನ್ನುವ ಕಾದಂಬರಿಗಳನ್ನಂತೂ ಈಗ ಮಗಳ ಮುಂದೆ ತೆರೆಯಲು ನಾಚಿಕೆ. ಆದರೆ ಶರಪಂಜರ? ನಾನು ಸಿನಿಮಾ ನೋಡಿ ಗೊತ್ತಿದೆ ಅಂದುಕೊಂಡಿದ್ದೆ. ಹೆರಿಗೆಯ ನಂತರ ಮನಸ್ಸು ಕದಡಿದ ಹೆಂಗಸು ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆಯವರು, ಊರವರು ಅವಳು ವಾಸಿಯಾಗಿದ್ದಾಳೆ ಅಂತ ಒಪ್ಪುವುದಿಲ್ಲ. ಅಷ್ಟೇ ಕಥೆ. ಇವತ್ತಿಗೂ ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಮಾತಾಡದ ವಿಷಯವನ್ನು, 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಹೆಣ್ಣುಮಗಳೊಬ್ಬಳು ಬರೆದಿಟ್ಟಿದ್ದಾಳೆ. ಅದನ್ನು ‘ಹೆಂಗಸರ ಕಾದಂಬರಿ’ ಅಂತ ಪಕ್ಕಕ್ಕೆ ಸರಿಸಿದವರು ಓದಿ ಸರಿಸಿದರೋ ಓದದೆಯೋ!

ನಾನು ದಿನಾ ಲೋಕಲ್ಲಿನಲ್ಲಿ ಕೋಡಂಬಾಕ್ಕಂ ದಾಟಿ ಹೋಗುತ್ತೇನೆ. ಕನ್ನಡ ಸಿನಿಮಾಗಳು ಬಹುಪಾಲು ಈ ಊರಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲವೊಂದಿತ್ತು. ಬೆಳ್ಳಿಮೋಡ, ಸಂಧ್ಯಾರಾಗ, ಗೆಜ್ಜೆಪೂಜೆ, ನಾಗರಹಾವು... ಒಂದೊಂದರ ಹಿಂದೆಯೂ ಜನ ಮುಗಿಬಿದ್ದು ಓದಿದ ಕಾದಂಬರಿ. ಓದುವ ಜನ ಆಕಾಶದಿಂದ ಉದುರಿದವರಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದರು. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಮನೆಮನೆಗೆ ಓದುವ ಅಭ್ಯಾಸ ಮುಟ್ಟಿಸಿದರು. ಇವರು ತಯಾರು ಮಾಡಿಟ್ಟ ಓದುಗರೇ ಆಮೇಲೆ ಕಾರಂತ, ಭೈರಪ್ಪನವರ ಕಾದಂಬರಿಗಳಿಗೂ ಸಿಕ್ಕಿದ್ದು.

ಈ ವಿಷಯದಲ್ಲಿ ತಮಿಳರನ್ನು ನೋಡಿ ಕಲಿಯಬೇಕು. ಕಲ್ಕಿಯವರ ಪೊನ್ನಿಯಿನ್ ಸೆಲ್ವನ್ 1950ರ ದಶಕದಲ್ಲಿ ವಾರಪತ್ರಿಕೆಯ ಧಾರಾವಾಹಿಯಾಗಿ ಬಂದದ್ದು. ಜನವರಿಯ ಚೆನ್ನೈ ಪುಸ್ತಕ ಮೇಳಕ್ಕೆ ಹೋಗಿ ನೋಡಿ, 1977ರಿಂದ ನಡೆಯುತ್ತಿರುವ ಮೇಳ. ಕಲ್ಕಿ ಒಂದು ಕಡೆ, ಸುಜಾತಾ ಇನ್ನೊಂದು ಕಡೆ, ತಿರುಕ್ಕುರಳ್ ಮತ್ತೊಂದು ಕಡೆ, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ಹೋಗುವ ಸಂಸಾರಗಳು. ಇದು ದೊಡ್ಡದು, ಇದು ಚಿಕ್ಕದು ಅಂತ ಅವರಿಗೂ ಗೊತ್ತು. ಆದರೆ ಚಿಕ್ಕದನ್ನು ಅಡಗಿಸಿಡುವುದಿಲ್ಲ.

ಇನ್ನು ಕುಮಾರವ್ಯಾಸನ ವಿಷಯ. ಮೇಷ್ಟ್ರಿಗೆ ಅಂದು ಹೇಳಬೇಕಿತ್ತು, ಹೊಳೆಯಲಿಲ್ಲ. ಗದುಗಿನ ಭಾರತವನ್ನು ನಮ್ಮ ಹಿರಿಯರು ‘ಕ್ಲಾಸಿಕ್’ ಅಂತ ಓದಿದ್ದಲ್ಲ. ಸಂಜೆ ಜಗಲಿಯ ಮೇಲೆ ಗಮಕಿ ಹಾಡುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಅಕ್ಷರ ಬಾರದವರೂ ಕೂತು ಕೇಳುತ್ತಿದ್ದರು. ಅದೇ ಆ ಕಾಲದ ಜನಪ್ರಿಯ ಸಾಹಿತ್ಯ. ಅದನ್ನು ಕಪಾಟಿಗೆ ಹತ್ತಿಸಿ ಪೂಜೆ ಮಾಡಿದ ಮೇಲೆ ನನ್ನಂಥವರಿಗೆ ಹೆದರಿಕೆ ಶುರುವಾಯಿತು. ನಾನೀಗ ಲೋಕಲ್ಲಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಗಮಕದ ರೆಕಾರ್ಡಿಂಗ್ ಕೇಳುತ್ತೇನೆ. ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಕಥೆ ಗೊತ್ತಿರುವುದರಿಂದ ದಾರಿ ತಪ್ಪುವುದಿಲ್ಲ, ಆ ಕಥೆ ಗೊತ್ತಿರುವುದು 1950ರಲ್ಲಿ ಬಂದ ವಚನ ಭಾರತದಿಂದ. ಹೀಗೆ ಒಂದಕ್ಕೊಂದು ಮೆಟ್ಟಿಲು.

ಆ ಹುಡುಗನ ಕಥೆ ಅರ್ಧಕ್ಕೆ ಬಿಟ್ಟೆ. ನಾನು ಕೊಟ್ಟ ಸ್ಲಿಪ್ಪನ್ನು ಅವನು ನಿಜಕ್ಕೂ ಇಟ್ಟುಕೊಂಡಿದ್ದ. ಪರ್ವವನ್ನು ಪಾವಣ್ಣನ್ ಅವರು ತಮಿಳಿಗೆ ‘ಪರುವಂ’ ಅಂತ ಅನುವಾದ ಮಾಡಿದ್ದಾರೆ, ಅದಕ್ಕೆ 2005ರ ಸಾಹಿತ್ಯ ಅಕಾಡೆಮಿಯ ಅನುವಾದ ಬಹುಮಾನವೂ ಬಂದಿದೆ. ಅವನು ಅದನ್ನು ಹುಡುಕಿ ಓದಿಬಿಟ್ಟ! ಮೂರು ತಿಂಗಳ ಮೇಲೆ ಒಂದು ದಿನ ಊಟದ ಹೊತ್ತಿಗೆ ಎದುರು ಕೂತು, “ಸಾರ್, ಮಕ್ಕಳು ಹುಟ್ಟಿದ್ದು ಹೇಗೆ ಅಂತ ಕುಂತಿ ನೆನೆಸಿಕೊಳ್ಳುವ ಭಾಗ ಇದೆಯಲ್ಲ, ಕನ್ನಡದಲ್ಲಿ ಅದು ಓದೋಕೆ ಹೇಗಿದೆ?” ಅಂತ ಕೇಳಿದ. ನಾನು ಮೊಸರನ್ನ ಕಲಸುತ್ತಾ ಕಲಸುತ್ತಾ... ಮದ್ರ ದೇಶದ ಶಲ್ಯನ ಮನೆಯಿಂದ ಶುರುವಾಗುವ ಆ ಪುಸ್ತಕವನ್ನು ನಾನು ಮೂರು ಸಲ ಶುರು ಮಾಡಿ ಮೂರು ಸಲವೂ ಶಲ್ಯನ ಮನೆ ದಾಟಿರಲಿಲ್ಲ. ಕೊನೆಗೆ ಹೇಳಿದೆ. “ತಂಬಿ, ನಾನು ಓದಿಲ್ಲಪ್ಪಾ. ಪೂರ್ತಿ ಓದಿಲ್ಲ.” ಅವನಿಗೆ ನಗು ಬರಲಿಲ್ಲ, ನನಗಿಂತ ಅವನೇ ಜಾಸ್ತಿ ಮುಜುಗರಪಟ್ಟ. “ಪರವಾಯಿಲ್ಲೆ ಸಾರ್” ಅಂದ.

ಆ ‘ಪರವಾಯಿಲ್ಲೆ’ ಚುಚ್ಚಿತು. ಪರ್ವ ಮತ್ತೆ ತರಿಸಿದೆ. ಹೋಗುವಾಗ ಹತ್ತು ಪುಟ, ಬರುವಾಗ ಹತ್ತು ಪುಟ. ಮಾಂಬಲಂನಲ್ಲಿ ಹತ್ತಿದರೆ ಎಗ್ಮೋರ್ ಬರುವಷ್ಟರಲ್ಲಿ ಜನಜಂಗುಳಿಯಲ್ಲೂ ಕುರುಕ್ಷೇತ್ರಕ್ಕೆ ಹೋಗಿರುತ್ತಿದ್ದೆ. ಶಲ್ಯ ದಾಟಿದ ಮೇಲೆ ಪುಸ್ತಕ ನನ್ನನ್ನು ಬಿಡಲಿಲ್ಲ. ಇದನ್ನು ಇಪ್ಪತ್ತು ವರ್ಷದ ಹಿಂದೆ ಓದಿದ್ದರೆ ಅಮ್ಮನ ಜೊತೆ ಕುಂತಿಯ ಬಗ್ಗೆ ಮಾತಾಡಬಹುದಿತ್ತು ಅನ್ನಿಸಿತು. ಅಮ್ಮ ಈಗ ಇಲ್ಲ.

ಈಗ ನನ್ನ ಹತ್ತಿರ ಒಂದು ನೋಟ್‌ಬುಕ್ಕಿದೆ. ಎಡಪುಟ ಓದಿದ್ದು, ಬಲಪುಟ ಬಾಕಿ. ಎಡಕ್ಕೆ ಬರೆಯುವ ಪುಸ್ತಕದ ಪಕ್ಕದಲ್ಲಿ ತಿಂಗಳು, ವರ್ಷ, ಒಂದೇ ಒಂದು ಸಾಲು ಅನಿಸಿಕೆ. ಬಲಕ್ಕೆ ಐದಕ್ಕಿಂತ ಹೆಚ್ಚು ಹೆಸರು ಬರೆಯುವಂತಿಲ್ಲ. ಶುರು ಮಾಡಿ 90 ದಿನ ಮುಟ್ಟದಿದ್ದರೆ ನಮ್ಮ ಬ್ಯಾಂಕಿನ ರೂಲ್ಸಿನ ಪ್ರಕಾರ ಅದು ಎನ್‌ಪಿಎ. ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಮರ್ಯಾದೆಯಾಗಿ ಪಕ್ಕಕ್ಕಿಡುವುದು. ಯಾರಾದರೂ ಕೇಳಿದರೆ ಎಡಪುಟ ಮಾತ್ರ ತೋರಿಸುತ್ತೇನೆ. ಶ್ರೀರಾಮಾಯಣ ದರ್ಶನಂ ಸದ್ಯಕ್ಕೆ ಕೆಂಪು ಶಾಯಿಯಲ್ಲಿದೆ. ಕುವೆಂಪು ಕ್ಷಮಿಸಲಿ.

ಚೆನ್ನೈನಲ್ಲಿ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ ಅನ್ನುವವರಿಗೆ ಒಂದು ಮಾತು. ನಾನೂ ಬಹಳ ವರ್ಷ ಇದೇ ನೆಪ ಹೇಳಿದವನು. ಎಗ್ಮೋರಿನಲ್ಲಿ ಕನ್ನೆಮರಾ ಗ್ರಂಥಾಲಯವಿದೆ, 1896ರದು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಭಾರತದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿ ಸೇರಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಇದೂ ಒಂದು. ಎಲ್ಲ ಪ್ರಕಾಶಕರೂ ತಪ್ಪದೆ ಕಳಿಸುತ್ತಾರೆ ಅಂತೇನಿಲ್ಲ. ಆದರೂ ನಮ್ಮ ಊರಿನ ಲೈಬ್ರರಿಯಲ್ಲಿ ಸಿಗದ ಕನ್ನಡ ಪುಸ್ತಕ ನನಗೆ ಅಲ್ಲಿ ಸಿಕ್ಕಿದೆ. ನಾನು ಎಷ್ಟೋ ವರ್ಷ ಅದರ ಪಕ್ಕದಲ್ಲೇ ರೈಲಿನಲ್ಲಿ ಹೋಗುತ್ತಾ ‘ಇಲ್ಲಿ ಏನೂ ಸಿಗಲ್ಲಪ್ಪ’ ಅಂತ ಊರಿಗೆ ಫೋನಿನಲ್ಲಿ ಗೋಳಾಡಿದ್ದೇನೆ!

ಮದ್ರಾಸಿಗೂ ಕನ್ನಡಕ್ಕೂ ಇರುವ ನಂಟು ನೆನೆದರೆ ನಾಚಿಕೆ ಇನ್ನೂ ಜಾಸ್ತಿಯಾಗುತ್ತದೆ. ಮಾಸ್ತಿಯವರ ಮನೆಮಾತು ತಮಿಳು, ಅವರು 1914ರಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ್ದು ಇದೇ ಊರಿನಲ್ಲಿ, ಬರೆದದ್ದು ಬಹುಪಾಲು ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಉಲ್ಟಾ. ಮನೆಮಾತು ಕನ್ನಡ, ಮಗಳು ಸ್ಕೂಲಿನಲ್ಲಿ ಕಲಿತದ್ದು ತಮಿಳು, ಓದುವುದೆಲ್ಲ ಇಂಗ್ಲಿಷು. ಕನ್ನಡ ಅಕ್ಷರವನ್ನು ಬಸ್ಸಿನ ಬೋರ್ಡು ಓದಿದ ಹಾಗೆ ಒಂದೊಂದಾಗಿ ಕೂಡಿಸುತ್ತಾಳೆ, ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ಅದಕ್ಕೆ ಅವಳನ್ನು ಬೈಯುವ ಹಕ್ಕು ನನಗಿಲ್ಲ. ಕಲಿಸಬೇಕಾದ ವಯಸ್ಸಿನಲ್ಲಿ ನಾನು ಕ್ಲೋಸಿಂಗ್, ಆಡಿಟ್ ಅಂತ ಬ್ರಾಂಚಿನಲ್ಲಿದ್ದೆ.

ನೋಟ್‌ಬುಕ್ಕು ನೋಡಿ ಅವಳೇ ಒಂದು ದಿನ, “ಅಪ್ಪ, ನನಗೂ ಒಂದು ಲಿಸ್ಟ್ ಮಾಡಿಕೊಡು, ಆದ್ರೆ ಸುಳ್ಳು ಲಿಸ್ಟ್ ಬೇಡ” ಅಂದಳು. ಹತ್ತು ಹೆಸರು ಬರೆಯಲಿಲ್ಲ. ಒಂದೇ ಬರೆದೆ, ಜುಗಾರಿ ಕ್ರಾಸ್. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ, ಕಾಡು, ರತ್ನ, ಕೊಲೆಗಾರರು. ಇದನ್ನು ಯಾವ ಕಪಾಟಿನಲ್ಲಿಡುತ್ತಾರೆ ಅಂತ ಮೇಷ್ಟ್ರನ್ನು ಕೇಳಬೇಕು. ಭಾನುವಾರ ಸಂಜೆ ಕಾಫಿ ಆದ ಮೇಲೆ ನಾನು ನಾಲ್ಕು ಪುಟ ಗಟ್ಟಿಯಾಗಿ ಓದುತ್ತೇನೆ, ಆಮೇಲೆ ಅವಳು ಅರ್ಧ ಪುಟ. ಅವಳ ಅರ್ಧ ಪುಟಕ್ಕೆ ನನ್ನ ನಾಲ್ಕು ಪುಟಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹೆಂಡತಿ ಅಡುಗೆಮನೆಯಿಂದಲೇ ಉಚ್ಚಾರ ತಿದ್ದುತ್ತಾಳೆ.

ಹೋದ ವಾರ ಸುರೇಶ, ಗೌರಿ ಪೇಚಿಗೆ ಸಿಕ್ಕಿಕೊಳ್ಳುವ ಕಡೆ ನಿಲ್ಲಿಸಿದ್ದೆ. ಬುಧವಾರ ರಾತ್ರಿ ಎದ್ದು ನೋಡಿದರೆ ಹಾಲಿನಲ್ಲಿ ದೀಪ ಉರಿಯುತ್ತಿತ್ತು. ಮಗಳು ಬೆರಳಿಟ್ಟುಕೊಂಡು ಮುಂದಿನ ಪುಟ ಓದುತ್ತಿದ್ದಳು. ನಾನು ಸದ್ದು ಮಾಡದೆ ವಾಪಸ್ ಬಂದು ಮಲಗಿದೆ.